ಖಾನಾಪುರದ ಜೇನಿಗೆ ಊರಿನ ಹೆಸರು ಕೊಡಿ: ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರೇ,

ಚಳಿಗಾಲದ ಅಧಿವೇಶನ ಬಂತೆಂದರೆ ಇಡೀ ಸರ್ಕಾರ ಬೆಳಗಾವಿಯಲ್ಲಿ ಬೀಡುಬಿಡುತ್ತದೆ. ಸುವರ್ಣ ವಿಧಾನಸೌಧದಲ್ಲಿ ಕಬ್ಬಿನ ದರ, ಮಹದಾಯಿ, ನೀರಾವರಿ ಎಲ್ಲವೂ ಚರ್ಚೆಗೆ ಬರುತ್ತವೆ, ಬರಲೇಬೇಕು. ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಭಾಗದ ಕಾಡಿನಲ್ಲಿ ಜೇನು ತೆಗೆದು, ಜೇನು ಸಾಕಿ ಬದುಕುವವರಿದ್ದಾರೆ. ಅವರಲ್ಲೊಬ್ಬನಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ: ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯನ್ನು ಜೇನುಗ್ರಾಮವೆಂದು ಘೋಷಿಸಿ, ಅಲ್ಲಿಯೇ ಒಂದು ಸಂಸ್ಕರಣಾ ಘಟಕ ಕಟ್ಟಿಸಿ, ನಮ್ಮ ಜೇನು ನಮ್ಮ ಊರಿನ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗುವಂತೆ ಮಾಡಿ.

ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಅಲ್ಲಿಂದ ಹತ್ತಿರದಲ್ಲೇ ಭೀಮಗಡದ ಕಾಡು. 2011ರಲ್ಲಿ ವನ್ಯಧಾಮವಾದ ಈ ಕಾಡಿನ ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. ಬಂಡೆಗಳ ಹೊಟ್ಟೆಗೆ, ಎತ್ತರದ ಮರಗಳ ಕೊಂಬೆಗೆ ಹೆಜ್ಜೇನು ಕಟ್ಟುತ್ತದೆ. ಪೊಟರೆಯಲ್ಲಿ, ಹುತ್ತದಲ್ಲಿ ತುಡುವೆ ಜೇನು. ಬೇಲಿಯ ಗಿಡಗಳಲ್ಲಿ ಕೋಲುಜೇನು, ಗೋಡೆಯ ಸಂದಿನಲ್ಲಿ ಕುಟುಕದ ಮಿಸರಿ ಜೇನು. ಕುಣಬಿ, ಗೌಳಿ, ಸಿದ್ದಿ ಸಮುದಾಯದ ಹಿರಿಯರಿಗೆ ಯಾವ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವ ಬಂಡೆಗೆ ಯಾವಾಗ ಹೆಜ್ಜೇನು ಮರಳಿ ಬರುತ್ತದೆ ಎಂಬುದು ಬಾಯಿಪಾಠ. ನೇರಳೆ ಹೂವಿನ ಜೇನು ನಾಲಿಗೆಗೆ ತುಸು ಕಹಿ. ಮತ್ತಿ, ಅಳಲೆ ಹೂ ಬಿಟ್ಟಾಗಿನ ರುಚಿಯೇ ಬೇರೆ. ಏಳೆಂಟು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುವಂತೆ ಕಾರವಿ ಅರಳಿದರೆ, ಆ ವರ್ಷದ ಜೇನನ್ನು ಮಾರದೆ ಮನೆಗೆಂದು ಎತ್ತಿಡುವವರಿದ್ದಾರೆ. ಇಷ್ಟು ಬಗೆಯ ಜೇನು ಅಂಗಡಿಯಲ್ಲಿ ಒಂದೇ ಬಗೆಯ ಹೆಸರಿಲ್ಲದ ಬಾಟಲಿಗೆ ಇಳಿಯುತ್ತದೆ.

ಇಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆಯನ್ನು. ಹಿಂದೆಲ್ಲ ಎರಿಯನ್ನು, ಅಂದರೆ ಮೇಣದ ಹುಟ್ಟನ್ನು, ಮರಿಹುಳುಗಳ ಸಮೇತ ಕಿತ್ತು ಬಟ್ಟೆಯಲ್ಲಿ ಹಿಂಡುತ್ತಿದ್ದರು. ಒಂದು ಸಲ ಜೇನು ತೆಗೆದರೆ ಆ ಜೇನು ಕುಟುಂಬವೇ ಮುಗಿದಂತೆ. ಪೆಟ್ಟಿಗೆ ಬಂದ ಮೇಲೆ ಕೆಳಗಿನ ಕೋಣೆ ರಾಣಿಗೂ ಮರಿಗಳಿಗೂ, ಮೇಲಿನದು ಜೇನಿಗೆ ಎಂದಾಯಿತು. ಮೇಲಿನ ಚೌಕಟ್ಟನ್ನು ಹೊರತೆಗೆದು ನೋಡಿದರೆ ಪಕ್ವವಾದ ಜೇನಿನ ಕಣಗಳಿಗೆ ತೆಳ್ಳನೆಯ ಮೇಣದ ಮುಚ್ಚಳ ಬಿದ್ದಿರುತ್ತದೆ. ಆ ಮುಚ್ಚಳವನ್ನು ಚಾಕುವಿನಿಂದ ಹಗುರವಾಗಿ ಸವರಿ, ಯಂತ್ರದಲ್ಲಿಟ್ಟು ತಿರುಗಿಸಿದರೆ ಜೇನು ಗೋಡೆಗೆ ಸಿಡಿದು ಕೆಳಗಿಳಿಯುತ್ತದೆ. ಎರಿ ಹಾಗೆಯೇ ಉಳಿಯುತ್ತದೆ. ಅದನ್ನು ಮತ್ತೆ ಪೆಟ್ಟಿಗೆಗೆ ಇಟ್ಟರೆ ನೊಣಗಳಿಗೆ ಮೇಣ ಕಟ್ಟುವ ಶ್ರಮ ಉಳಿದು ಮರುದಿನದಿಂದಲೇ ತುಂಬತೊಡಗುತ್ತವೆ.

1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳ ಮೇಲೆರಗಿತು. ಕಣದೊಳಗಿನ ಮರಿಹುಳು ನೀರು ತುಂಬಿದ ಚೀಲವಾಗಿ ಸಾಯುತ್ತಿತ್ತು. ಕರ್ನಾಟಕದಲ್ಲಿ ಬಹುಪಾಲು ಪೆಟ್ಟಿಗೆಗಳು ಬರಿದಾದವು. ಆಗ ಜೇನು ಕೈಬಿಟ್ಟ ಅನೇಕರು ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಈಗ ಜೇನು ಸಾಕಲು ಬರುತ್ತಿರುವ ಯುವಕರಿಗೆ ಕಲಿಸಬೇಕಾಗಿದ್ದ ಒಂದು ತಲೆಮಾರೇ ನಡುವೆ ಇಲ್ಲವಾಗಿದೆ. ಸರ್ಕಾರದ ತರಬೇತಿ ಇಲ್ಲಿ ಅನಿವಾರ್ಯವೆನ್ನುವುದು ಇದೇ ಕಾರಣಕ್ಕೆ.

ನಿಮ್ಮ ಇಲಾಖೆ ಸಹಾಯಧನದಲ್ಲಿ ಜೇನು ಪೆಟ್ಟಿಗೆ ಕೊಡುತ್ತದೆ. ಕೃತಜ್ಞತೆಯಿಂದಲೇ ಹೇಳುತ್ತೇನೆ, ಆ ಪೆಟ್ಟಿಗೆಗಳು ಬರುವ ಕಾಲ ತಪ್ಪು. ಹಣಕಾಸು ವರ್ಷ ಮುಗಿಯುವ ಮಾರ್ಚ್‌ನಲ್ಲಿ ತರಾತುರಿಯಲ್ಲಿ ಹಂಚಿದ ಪೆಟ್ಟಿಗೆಗಳನ್ನು ನಾನೇ ಪಡೆದಿದ್ದೇನೆ. ಮಾರ್ಚ್ ಎಂದರೆ ಕಾಡು ಹೂವಿನಿಂದ ತುಂಬಿ ಜೇನು ಇಳಿಯುವ ಹೊತ್ತು. ಹೊಸ ಕುಟುಂಬ ಹಿಡಿದು, ಪೆಟ್ಟಿಗೆಗೆ ಒಗ್ಗಿಸಿ, ಬಲಪಡಿಸಲು ಮಳೆ ನಿಂತ ಮೇಲಿನ ತಿಂಗಳುಗಳು ಬೇಕು. ಮಾರ್ಚ್‌ನಲ್ಲಿ ಬಂದ ಕುಟುಂಬ ನೆಲೆಯೂರುವ ಮೊದಲೇ ಜೂನ್ ಮಳೆ ಶುರು. ಕಣಕುಂಬಿಯ ಮಳೆ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಹೊರಗೆ ಹೂವಿಲ್ಲ, ಒಳಗೆ ದಾಸ್ತಾನಿಲ್ಲ, ಸಕ್ಕರೆ ಪಾಕ ಕೊಡಬೇಕೆಂದು ಹೊಸಬರಿಗೆ ಹೇಳಿದವರಿಲ್ಲ. ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ, ಉಳಿದ ಎರಿಗೆ ಮೇಣದ ಹುಳು ಹತ್ತುತ್ತದೆ. ಕಡೆಗೆ ಆ ಪೆಟ್ಟಿಗೆಯಲ್ಲಿ ಕೋಳಿ ಮೊಟ್ಟೆಯಿಡುವುದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೆ! ಕಾಗದದ ಮೇಲೆ ಮಾತ್ರ ಫಲಾನುಭವಿಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ.

ಇನ್ನೊಂದು ತೊಂದರೆ ತೇವಾಂಶದ್ದು. ಆಹಾರ ಸುರಕ್ಷತಾ ಮಾನದಂಡದ ಪ್ರಕಾರ ಜೇನಿನಲ್ಲಿ ತೇವಾಂಶ ಶೇ. 20 ಮೀರುವಂತಿಲ್ಲ. ಸಹ್ಯಾದ್ರಿಯ ಈ ಹಸಿ ಗಾಳಿಯಲ್ಲಿ ತುಡುವೆಯ ಮತ್ತು ಹೆಜ್ಜೇನಿನ ತುಪ್ಪ ಎಷ್ಟೋ ಸಲ ಆ ಗಡಿ ದಾಟುತ್ತದೆ. ಅಪ್ಪಟ ಜೇನೇ ಆದರೂ ನಾಲ್ಕು ವಾರದಲ್ಲಿ ನೊರೆಯೆದ್ದು ಹುಳಿಯಾಗುತ್ತದೆ, ಬಾಟಲಿಯ ಮುಚ್ಚಳ ಉಬ್ಬುತ್ತದೆ. ಕೊಂಡವರು ಕಲಬೆರಕೆಯೆಂದು ಬೈಯುತ್ತಾರೆ. ಜೇನನ್ನು ಹದವಾಗಿ ಬಿಸಿ ಮಾಡಿ ನೀರಿನಂಶ ತೆಗೆಯುವ ಘಟಕವೊಂದು ತಾಲ್ಲೂಕಿನಲ್ಲಿದ್ದರೆ ಈ ಅಪವಾದ ತಪ್ಪುತ್ತದೆ. ಅದಿಲ್ಲದ್ದರಿಂದ ತೆಗೆದ ವಾರದಲ್ಲೇ, ದಲ್ಲಾಳಿ ಹೇಳಿದ ದರಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹೊರಹಾಕಿದ ವರದಿಯ ಪ್ರಕಾರ, ಅದು ಪರೀಕ್ಷೆಗೆ ಕಳಿಸಿದ 13 ಬ್ರ್ಯಾಂಡುಗಳಲ್ಲಿ 10 ಬ್ರ್ಯಾಂಡುಗಳು ಕಲಬೆರಕೆ ಪತ್ತೆಹಚ್ಚುವ ಎನ್‌ಎಂಆರ್ ಪರೀಕ್ಷೆಯಲ್ಲಿ ಸೋತಿದ್ದವು. ಸಕ್ಕರೆ ಪಾಕ ಬೆರೆಸಿದ ಸರಕು ಚೆಂದದ ಬಾಟಲಿಯಲ್ಲಿ ಮಾರಾಟವಾಗುವಾಗ ಕಾಡಿನ ನಿಜವಾದ ಜೇನು ಅನುಮಾನಕ್ಕೆ ಗುರಿಯಾಗುವುದನ್ನು ಹೇಗೆ ಸಹಿಸುವುದು?

ಗಡಿಯ ಆಚೆ ಏನಾಗಿದೆ ನೋಡಿ. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರವು ಮಹಾಬಳೇಶ್ವರ ತಾಲ್ಲೂಕಿನ ಮಾಂಘರ್ ಹಳ್ಳಿಯನ್ನು 'ಮಧಾಚೆ ಗಾಂವ್', ಅಂದರೆ ಜೇನಿನ ಊರು, ಎಂದು ಘೋಷಿಸಿತು. ಆ ಮೇಲೆ ಕೊಲ್ಹಾಪುರ ಜಿಲ್ಲೆಯ ಭುದರಗಡ ತಾಲ್ಲೂಕಿನ ಪಾಟಗಾಂವದ ಸರದಿ ಬಂತು. ಅದು ನಮ್ಮ ನೆರೆಯ ಜಿಲ್ಲೆ, ಅದೇ ಸಹ್ಯಾದ್ರಿ, ಅದೇ ಕಾರವಿ, ಅದೇ ತುಡುವೆ. ಅಲ್ಲಿನ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿ ಊರಿಗೆ ಊರನ್ನೇ ಹಿಡಿದು ಕೆಲಸ ಮಾಡಿತು. ಜೇನು ತೆಗೆಯುವವರು, ಮೇಣ ಕರಗಿಸುವವರು, ಬಾಟಲಿ ತುಂಬುವವರು, ನೋಡಲು ಬಂದವರಿಗೆ ಊಟ ಬಡಿಸುವವರು, ಎಲ್ಲರೂ ಒಂದೇ ಊರಿನವರು. ನೂರು ಊರಿಗೆ ಹತ್ತು ಹತ್ತು ಪೆಟ್ಟಿಗೆ ಚೆಲ್ಲುವುದಕ್ಕಿಂತ ಒಂದು ಊರಿನಲ್ಲಿ ಬೇರುಬಿಡುವಂತೆ ಮಾಡುವುದು ಲೇಸು ಎಂಬುದು ನನ್ನ ಗಟ್ಟಿ ನಂಬಿಕೆ.

ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಊರಿನ ಹೆಸರಿನಿಂದಲೇ ದೇಶ ಸುತ್ತುತ್ತವೆ. ಜೇನಿಗೂ ಆ ಯೋಗ್ಯತೆ ಇದೆ. ನಿಮ್ಮ ಇಲಾಖೆಯ 'ಝೇಂಕಾರ' ಜೇನಿನ ಬ್ರ್ಯಾಂಡ್ ಈಗಾಗಲೇ ಇದೆ. ಅದರ ಬಾಟಲಿಯ ಮೇಲೆ 'ಖಾನಾಪುರ ಕಾಡಿನ ಜೇನು, ನೇರಳೆ ಹೂವಿನದು' ಎಂದು ಅಚ್ಚಾಗಲಿ, ತೆಗೆದ ತಿಂಗಳೂ ಇರಲಿ. ಕೊಳ್ಳುವವರಿಗೆ ಏನು ಕೊಳ್ಳುತ್ತಿದ್ದೇವೆಂದು ಗೊತ್ತಾಗುತ್ತದೆ, ನಮಗೆ ಬೆಲೆ ಕೇಳುವ ಬಾಯಿ ಬರುತ್ತದೆ. ಮೇಣವನ್ನೂ ಮರೆಯಬೇಡಿ. ಮುಲಾಮು, ಮೇಣದಬತ್ತಿ, ತುಟಿಗೆ ಹಚ್ಚುವ ಲೇಪ ಮಾಡಲು ಸ್ವಸಹಾಯ ಸಂಘದ ಮಹಿಳೆಯರಿಗೆ ತರಬೇತಿ ಕೊಟ್ಟರೆ ಎಸೆಯುವ ಎರಿಯೂ ದುಡ್ಡಾಗುತ್ತದೆ.

ಹಣವಿಲ್ಲ ಎನ್ನುವಂತಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ರಾಷ್ಟ್ರೀಯ ಜೇನು ಸಾಕಾಣಿಕೆ ಮತ್ತು ಜೇನು ಅಭಿಯಾನಕ್ಕೆ 500 ಕೋಟಿ ರೂಪಾಯಿ ಘೋಷಿಸಿದಾಗ ಸಂಸ್ಕರಣೆ, ಪರೀಕ್ಷೆ, ತರಬೇತಿ ಎಲ್ಲವೂ ಅದರಲ್ಲಿದ್ದವು. ತಿಳಿದವರಿಗೂ ಕೊರತೆಯಿಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ನಮ್ಮ ಜಿಲ್ಲೆಯ ಅರಭಾವಿಯಲ್ಲೇ ಅದರ ಕಾಲೇಜಿದೆ, ಪುಣೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿದೆ.

ಅರಣ್ಯ ಸಚಿವರ ಜೊತೆಗೂ ಒಮ್ಮೆ ಕೂತು ಮಾತಾಡಿ. 2006ರ ಅರಣ್ಯ ಹಕ್ಕು ಕಾಯ್ದೆ ಜೇನನ್ನೂ ಮೇಣವನ್ನೂ ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿಯೇ ಹೇಳುತ್ತದೆ. ಕಾಡಿನಲ್ಲಿ ತಲೆಮಾರುಗಳಿಂದ ಜೇನು ತೆಗೆಯುತ್ತ ಬಂದವರಿಗೆ ಅದನ್ನು ಸಂಗ್ರಹಿಸುವ, ಮಾರುವ ಹಕ್ಕನ್ನು ಆ ಕಾಯ್ದೆಯೇ ಕೊಟ್ಟಿದೆ. ಆದರೂ ಡಬ್ಬಿ ಹಿಡಿದು ಕಾಡಿನಿಂದ ಹೊರಬರುವ ಮುದುಕ ಚೆಕ್‌ಪೋಸ್ಟ್‌ನಲ್ಲಿ ಕಳ್ಳನ ಹಾಗೆ ನಿಲ್ಲಬೇಕಾಗುತ್ತದೆ. ಅರ್ಹರಿಗೆಲ್ಲ ಗುರುತಿನ ಚೀಟಿ ಸಿಗಲಿ. ಮರಿಗಳಿರುವ ಭಾಗವನ್ನು ಬಿಟ್ಟು ತುಪ್ಪದ ಭಾಗವನ್ನಷ್ಟೇ ಕೊಯ್ಯುವ ವಿಧಾನವನ್ನು ಅವರಿಗೆ ಇಲಾಖೆಯೇ ಕಲಿಸಲಿ.

ಬಯಲುಸೀಮೆಯ ಮಾತನ್ನೂ ಸೇರಿಸುತ್ತೇನೆ. ವಿಜಯಪುರ, ಬಾಗಲಕೋಟೆಯ ಸೂರ್ಯಕಾಂತಿಯಲ್ಲಿ ಕಾಳು ತುಂಬಬೇಕಾದರೆ ಜೇನುನೊಣ ಬರಬೇಕು. ಬೀಜಕ್ಕೆಂದು ಬೆಳೆಯುವ ಈರುಳ್ಳಿಗೂ ಅಷ್ಟೇ. ಹೂ ಬಿಟ್ಟ ಹೊಲಕ್ಕೆ ನಡುಹಗಲಲ್ಲಿ ಔಷಧ ಹೊಡೆದರೆ ಅವು ಗುಂಪುಗುಂಪಾಗಿ ಸಾಯುತ್ತವೆ. ಹೂವಿನ ಕಾಲದಲ್ಲಿ ಸಾಧ್ಯವಾದಷ್ಟು ಸಿಂಪರಣೆ ಬೇಡ, ತೀರಾ ಬೇಕಾದರೆ ಸಂಜೆ ನೊಣಗಳು ಮರಳಿದ ಮೇಲೆ ಎಂದು ರೈತ ಸಂಪರ್ಕ ಕೇಂದ್ರಗಳಲ್ಲಿ ಒಂದು ಫಲಕವಾದರೂ ಹಾಕಿಸಿ.

ಮೊದಲ ಹೆಜ್ಜೆಗೆ ಹೊಸ ಕಾನೂನು ಬೇಕಿಲ್ಲ. ಪೆಟ್ಟಿಗೆ ಹಂಚಿಕೆಯ ಆದೇಶ ಸೆಪ್ಟೆಂಬರ್ ಒಳಗೆ ಹೊರಬೀಳಲಿ, ಪ್ರತಿ ಪೆಟ್ಟಿಗೆಯ ಜೊತೆ ನೆಲೆಗೊಂಡ ತುಡುವೆ ಕುಟುಂಬವೂ ಬರಲಿ, ಮುಂದಿನ ಮಳೆಗಾಲ ಕಳೆಯುವವರೆಗೆ ತಿಂಗಳಿಗೊಮ್ಮೆ ಬಂದು ನೋಡುವ ತರಬೇತುದಾರರೊಬ್ಬರನ್ನು ತಾಲ್ಲೂಕಿಗೆ ನೇಮಿಸಿ. ಜೇನುಗ್ರಾಮ ಮತ್ತು ಸಂಸ್ಕರಣಾ ಘಟಕದ ಬಗ್ಗೆ ನಿಮ್ಮ ಉತ್ತರವನ್ನು ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಸದನದಲ್ಲೇ ಕೊಡಿ. ಕೇಳಲು ನಾವು ಕೆಲವರು ಖಾನಾಪುರದಿಂದ ಬಂದು ಗ್ಯಾಲರಿಯಲ್ಲಿ ಕೂತಿರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಖಾನಾಪುರ ತಾಲ್ಲೂಕಿನ ಒಬ್ಬ ಜೇನು ಕೃಷಿಕ