ಇಟಲಿಗೆ ಹೊರಟ ಪುಟ್ಟಿಗೆ

ಮೈಸೂರು

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಕಳಿಸಿದ ಇಟಲಿ ಪ್ಲಾನನ್ನು ನಾನು, ನಿನ್ನ ಚಿಕ್ಕಪ್ಪ ಇಬ್ಬರೂ ಕೂತು ಓದಿದೆವು. ಅಕ್ಕ, ಭಾವ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೀಯ ಅಂತ ತಿಳಿದೇ ಹೊಟ್ಟೆ ತಣ್ಣಗಾಯಿತು. ಆದರೆ ಒಂಬತ್ತು ದಿನಕ್ಕೆ ಏಳು ಊರು ಬೇಡ ಮಗಳೇ. ರೋಮ್, ನೇಪಲ್ಸ್, ಅಮಾಲ್ಫಿ, ಫ್ಲಾರೆನ್ಸ್, ಚಿಂಕ್ವೆ ತೆರ್ರೆ, ವೆನಿಸ್, ಕೋಮೊ ಸರೋವರ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾವೂ ಹೀಗೇ ಹೋಗಿದ್ದು, ಗುಂಪಿನ ಟೂರಿನಲ್ಲಿ. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಹೊರಗಿಡು, ಬಸ್ ಹತ್ತು, ಇಳಿ, ಫೋಟೋ ತೆಗೆಸಿಕೋ, ಮತ್ತೆ ಹತ್ತು. ವೆನಿಸ್ಸಿನಲ್ಲಿ ನೆನಪಿಗೆ ಉಳಿದದ್ದು ಸೇಂಟ್ ಮಾರ್ಕ್ಸ್ ಚೌಕದ ನೂಕುನುಗ್ಗಲು, ಟಾಯ್ಲೆಟ್ಟಿನ ಕ್ಯೂ, ಅಷ್ಟೇ. ಎರಡನೇ ಸಲ ನಾವಿಬ್ಬರೇ ಹೋಗಿ ಅಲ್ಲೇ ಎರಡು ರಾತ್ರಿ ಉಳಿದೆವು. ಸಂಜೆಯಾಗುತ್ತಲೇ ಹಗಲು ಬಂದವರೆಲ್ಲ ರೈಲು ಹಿಡಿದು ವಾಪಸ್ ಹೋಗುತ್ತಾರೆ. ಆಮೇಲೆ ಊರೇ ಬೇರೆ. ಕಾರಿಲ್ಲ, ಸ್ಕೂಟರಿಲ್ಲ. ಕಾಲುವೆಯ ನೀರು ಕಲ್ಲಿನ ಮೆಟ್ಟಿಲಿಗೆ ಮೆಲ್ಲಗೆ ಬಡಿಯುವ ಸದ್ದು, ಮೇಲೆ ಯಾರದೋ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಸದ್ದು. ಅಷ್ಟು ದೂರ ಹೋಗಿದ್ದು ಸಾರ್ಥಕ ಅನ್ನಿಸಿದ್ದು ಆಗ.

ಅದಕ್ಕೇ ನನ್ನ ಲೆಕ್ಕ ಕೇಳು. ರೋಮಿನಲ್ಲಿ ಮೂರು ರಾತ್ರಿ, ವೆನಿಸ್ಸಿನಲ್ಲಿ ಎರಡು, ಕೋಮೊ ದಂಡೆಯ ವರೆನ್ನಾದಲ್ಲಿ ಮೂರು. ಸಾಕು. ರೋಮಿನಿಂದ ವೆನಿಸ್ಸಿಗೆ ವೇಗದ ರೈಲಿನಲ್ಲಿ ಸುಮಾರು 4 ಗಂಟೆ, ಅಲ್ಲಿಂದ ಮಿಲಾನ್‌ಗೆ ಎರಡೂವರೆ, ಮಿಲಾನಿನಿಂದ ವರೆನ್ನಾಗೆ ಒಂದು ಗಂಟೆ ಚಿಲ್ಲರೆ. ಊರು ಬದಲಾಯಿಸಿದ ದಿನ ಅರ್ಧ ದಿನ ಸುಮ್ನೆ ಹೋಗುತ್ತೆ, ರೂಮು ಬಿಡೋದು ಬೆಳಿಗ್ಗೆ, ಇನ್ನೊಂದು ಸಿಗೋದು ಮಧ್ಯಾಹ್ನದ ಮೇಲೆ. ಏಳು ಊರಾದರೆ ಎಷ್ಟು ಅರ್ಧ ದಿನ ಆಯಿತು, ನೀನೇ ಎಣಿಸು.

ಚಿಂಕ್ವೆ ತೆರ್ರೆ ಚೆಂದವೇ, ಇಲ್ಲ ಅನ್ನಲ್ಲ. ಸಮುದ್ರದ ಮೇಲೆ ಬಂಡೆಗೆ ಅಂಟಿಕೊಂಡ ಐದು ಹಳ್ಳಿಗಳು. ಆದರೆ ಕೊರ್ನಿಲ್ಯಾ ಹಳ್ಳಿಗೆ ಸ್ಟೇಷನ್ನಿನಿಂದ ನಡೆದು ಹೋಗಬೇಕಾದರೆ 380ರ ಹತ್ತಿರ ಮೆಟ್ಟಿಲು. ಅಕ್ಕನ ಮೊಣಕಾಲು ನಿನಗೆ ಗೊತ್ತಲ್ವಾ? ಅದನ್ನು ನೀನು, ನಿನ್ನ ಗಂಡ ಇಬ್ಬರೇ ಹೋಗುವಾಗ ಇಟ್ಟುಕೊಳ್ಳಿ. ವೆನಿಸ್ಸಿನಲ್ಲೂ ಸೇತುವೆಗಳಿಗೆಲ್ಲ ಮೆಟ್ಟಿಲೇ. ರೂಮು ಬುಕ್ ಮಾಡುವಾಗ ವಪೊರೆತ್ತೊ ಅನ್ನುವ ನೀರಿನ ಬಸ್ಸಿನ ನಿಲ್ದಾಣಕ್ಕೆ ಹತ್ತಿರ ನೋಡು. ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ, ಆ ದುಡ್ಡು ನಾನು ಕೊಡುತ್ತೇನೆ.

ರೋಮಿನಲ್ಲಿ ನೀರಿನ ಬಾಟಲಿ ಕೊಳ್ಳಬೇಡ. ಬೀದಿಬೀದಿಯಲ್ಲಿ ನಾಸೊನಿ ಅನ್ನುವ ಕಬ್ಬಿಣದ ನಲ್ಲಿಕಂಬಗಳಿವೆ, 1874ರಿಂದ ಇವೆ. ಮೂಗಿನ ಹಾಗೆ ಬಾಗಿದ ಕೊಳವೆ, ಸದಾ ತಣ್ಣಗಿನ ನೀರು. ಬಗ್ಗಿ ಕುಡಿಯೋದು ಭಾವನಿಗೆ ಕಷ್ಟ. ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿ, ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮುತ್ತೆ. ನಮಗೆ ಒಬ್ಬಳು ಶಾಲೆ ಹುಡುಗಿ ತೋರಿಸಿಕೊಟ್ಟಳು. ಚರ್ಚುಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಲಿ. ಒಂದು ದುಪಟ್ಟಾ ಬ್ಯಾಗಿನಲ್ಲೇ ಇಟ್ಟುಕೋ.

ಊಟದ ವಿಷಯ ಸ್ವಲ್ಪ ಗಮನ ಕೊಡು. ಅಲ್ಲಿನ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಅಂಶ ಹಾಕುತ್ತಾರೆ. ಪೆಸ್ಟೊ ಅನ್ನುವ ಹಸಿರು ಚಟ್ನಿಯಲ್ಲೂ ಆ ಚೀಸ್ ಇರುತ್ತೆ. ಅಕ್ಕನಿಗೆ ತಿಂದ ಮೇಲೆ ಗೊತ್ತಾದರೆ ವಾರವಿಡೀ ಕೊರಗುತ್ತಾಳೆ. ಪಿಜ್ಜಾ ಮರಿನಾರಾ ಕೇಳು, ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸೇ ಇಲ್ಲ. ಎಷ್ಟೋ ಹೋಟೆಲುಗಳು ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆರೆಯೋದು ರಾತ್ರಿ ಏಳು, ಏಳೂವರೆಗೆ. ಭಾವನಿಗೆ ಸಕ್ಕರೆ ಕಾಯಿಲೆ, ಅಲ್ಲಿವರೆಗೆ ಕಾಯಿಸಬೇಡ. ಕಾಫಿ ಮಾತ್ರ ನಮ್ಮ ದರ್ಶಿನಿಯ ಹಾಗೆ ನಿಂತೇ ಕುಡಿಯಿರಿ. ಕೂತರೆ ಬೆಲೆ ಏರುತ್ತೆ.

ಇನ್ನೊಂದು. ಸಣ್ಣ ರೈಲುಗಳ ಕಾಗದದ ಟಿಕೆಟ್ ತೆಗೆದುಕೊಂಡರೆ, ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ನಮಗೆ ಗೊತ್ತಿರಲಿಲ್ಲ. ಕೈಯಲ್ಲಿ ಟಿಕೆಟ್ ಇದ್ದೂ ದಂಡ ಕಟ್ಟಿದೆವು, ನಿನ್ನ ಚಿಕ್ಕಪ್ಪ ಇಡೀ ದಿನ ಮಾತೇ ಆಡಲಿಲ್ಲ.

ವರೆನ್ನಾಗೆ ಹೋದ ಮೇಲೆ ಯಾವ ಪಟ್ಟಿಯೂ ಬೇಡ. ಒಂದು ದಿನ ದೋಣಿಯಲ್ಲಿ ಎದುರಿನ ಬೆಲ್ಲಾಜ್ಯೊಗೆ ಹೋಗಿಬನ್ನಿ, ಕಾಲು ಗಂಟೆ ದಾರಿ. ಉಳಿದ ಹೊತ್ತು ನೀರಿನ ಪಕ್ಕದ ಬೆಂಚಿನ ಮೇಲೆ ಕೂತಿರಿ. ಬೆಳಿಗ್ಗೆ ಉತ್ತರದಿಂದ ಗಾಳಿ ಬೀಸುತ್ತೆ, ತಿವಾನೊ ಅಂತಾರೆ. ಮಧ್ಯಾಹ್ನವಾದರೆ ದಕ್ಷಿಣದಿಂದ, ಅದು ಬ್ರೇವಾ. ನೀರಿನ ಮೇಲಿನ ಗೆರೆಗಳು ದಿಕ್ಕು ಬದಲಿಸೋದು ಕೂತಲ್ಲೇ ಕಾಣುತ್ತೆ. ಅಕ್ಕ ಮದುವೆಯಾದ ಮೇಲೆ ಹೀಗೆ ಸುಮ್ನೆ ಕೂತದ್ದನ್ನು ನಾನು ನೋಡಿಲ್ಲ. ಕೂರಿಸು ಅವಳನ್ನು.

ಶೇಂಗಾ ಚಟ್ನಿಪುಡಿ ಮಾಡಿಡುತ್ತೇನೆ, ಹೊರಡುವ ವಾರ ಬಂದು ತೆಗೆದುಕೊಂಡು ಹೋಗು.

ಇಂತಿ ನಿನ್ನ,
ಚಿಕ್ಕಮ್ಮ