ಸೈಕಲ್ ಹ್ಯಾಂಡಲ್ ಎತ್ತರ: ಭಾನುವಾರದ ಮೊದಲು ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಅಂಗೈ ಜೋಮು ಹಿಡಿಯುತ್ತದೆ, ಕುತ್ತಿಗೆ ನೋಯುತ್ತದೆ ಅಂತ ಸುಮಾರು ಜನ ಹೇಳುತ್ತಿದ್ದೀರಿ. ಭಾನುವಾರ ನಂದಿ ಬೆಟ್ಟಕ್ಕೆ ಹೊರಡುವ ಮೊದಲು ಇದನ್ನು ಓದಿಬಿಡಿ.

ಮೊದಲು ಸೀಟು ನೋಡಿ. ಅದರ ಮೂತಿ ಕೆಳಗೆ ಬಾಗಿದ್ದರೆ ಮೈಭಾರ ಕೈ ಮೇಲೆ ಬೀಳುತ್ತದೆ. ಆಗ ಹ್ಯಾಂಡಲ್ ಎಷ್ಟು ಎತ್ತಿದರೂ ಅಷ್ಟೇ.

ಈಗಿನ ಗೇರ್ ಸೈಕಲ್‌ಗಳಲ್ಲಿ ಸ್ಟೆಮ್‌ನ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ತುಂಡು) ಮೇಲೋ ಕೆಳಗೋ ಬಳೆಯಂಥ ಸ್ಪೇಸರ್ ಇರುತ್ತವೆ. ಮೇಲಿನದನ್ನು ಕೆಳಕ್ಕೆ ಹಾಕಿದರೆ ಹ್ಯಾಂಡಲ್ ಏರುತ್ತದೆ. ಸ್ಟೆಮ್ ಕಳಚುವಾಗ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಜಾರದಂತೆ ಒಬ್ಬರು ಹಿಡಿದಿರಲಿ.

ಮತ್ತೆ ಕೂರಿಸುವಾಗಲೇ ಜಾಸ್ತಿ ಎಡವಟ್ಟು. ಮೇಲ್ಮುಚ್ಚಳದ ಬೋಲ್ಟ್ ಇರುವುದು ಬೇರಿಂಗ್ ಸಡಿಲ ತೆಗೆಯಲು ಮಾತ್ರ. ಹ್ಯಾಂಡಲನ್ನು ಹಿಡಿಯುವುದು ಸ್ಟೆಮ್ ಪಕ್ಕದ ಎರಡು ಬೋಲ್ಟ್. ಹಾಗಾಗಿ ಮೊದಲು ಮೇಲಿನದನ್ನು ಹಗುರವಾಗಿ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಇನ್ನೂ ಸಡಿಲ. ಹ್ಯಾಂಡಲ್ ತಿರುಗಲು ಬಿಗಿಯೆನಿಸಿದರೆ ಅತಿಯಾಯಿತು. ಆಮೇಲೆ ಚಕ್ರಕ್ಕೆ ನೇರ ಮಾಡಿ, ಪಕ್ಕದ ಎರಡನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಸಾಮಾನ್ಯವಾಗಿ ಸ್ಟೆಮ್ ಮೇಲೇ ಬರೆದಿರುತ್ತದೆ. ಸೈಕಲ್‌ನ ಈ ಭಾಗಗಳು ಕಾರ್ಬನ್ ಫೈಬರ್‌ನವಾದರೆ ದಯವಿಟ್ಟು ಅಂದಾಜಿಗೆ ಹೋಗಬೇಡಿ, ಅಂಗಡಿಗೆ ಕೊಡಿ.

ಹಳೇ ಮಾದರಿಯ, ಕೊಳವೆಯೊಳಗೆ ಇಳಿಯುವ ಸ್ಟೆಮ್ ಇದ್ದವರು ಅದರ ಮೇಲೆ ಗುರುತು ಮಾಡಿರುವ ಮಿತಿಯ ಗೆರೆ ಹೊರಗೆ ಕಾಣುವಷ್ಟು ಎತ್ತಬೇಡಿ. ಇಳಿಜಾರಿನಲ್ಲಿ ಹ್ಯಾಂಡಲ್ ಕೈಗೇ ಬಂದುಬಿಡಬಹುದು!

ಒಮ್ಮೆಗೆ ಒಂದೇ ಸ್ಪೇಸರ್ ಬದಲಿಸಿ, ಮನೆ ಹತ್ತಿರವೇ ಓಡಿಸಿ ನೋಡಿ. ಶನಿವಾರ ರಾತ್ರಿ ಮಾತ್ರ ಈ ಕೆಲಸಕ್ಕೆ ಕೂರಬೇಡಿ. ಈ ಬೋಲ್ಟ್ ತಿರುಗಿಸುವ ಅಲೆನ್ ಕೀ ಇಲ್ಲದವರು ಇಲ್ಲೇ ಕೇಳಿ.