ಗೆಳೆಯನಿಗೊಂದು ಪತ್ರ: ಫೆಬ್ರವರಿಯಲ್ಲಿ ಯಾವ ಕಡಲಿಗೆ ಇಳಿಯುತ್ತೀಯ?

ಪ್ರೀತಿಯ ಗೆಳೆಯಾ,

ನಿನ್ನ ಪಟ್ಟಿ ತಲುಪಿತು. ಮಾಲ್ಡೀವ್ಸ್, ಬಾಲಿ, ಲಕ್ಷದ್ವೀಪ, ಅಂಡಮಾನ್. ಸ್ಕೂಬಾ, ಅಂದರೆ ಸಿಲಿಂಡರ್ ಹೊತ್ತು ನೀರಿನಡಿ ಈಜುವುದನ್ನು ಕಲಿಯಲು ಇವುಗಳಲ್ಲಿ ಒಂದನ್ನು ಆರಿಸಿಕೊಡು ಎಂದಿದ್ದೀಯ. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗು. ಉಳಿದ ಮೂರು ಈಗ ಯಾಕೆ ಬೇಡ ಎಂದೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಟಿಕೆಟ್ ಮಾಡಿಸಿದ ಮೇಲೂ ನಿನ್ನ ಮನಸ್ಸು ಅಲ್ಲೇ ಸುತ್ತುತ್ತಿರುತ್ತದೆ, ಅಲ್ವಾ?

ಇಂಥ ಪ್ರವಾಸಕ್ಕೆ ಊರಿಗಿಂತ ಮೊದಲು ತಿಂಗಳು ನೋಡಬೇಕು. ನಿನಗೆ ರಜೆ ಸಿಕ್ಕಿರುವುದು ಫೆಬ್ರವರಿಯಲ್ಲಿ. ಆಗ ಬಾಲಿಯಲ್ಲಿ ಮಳೆಗಾಲ. ಅಲ್ಲಿನ ತುಲಂಬೆನ್‌ನಲ್ಲಿ ಲಿಬರ್ಟಿ ಎಂಬ ಅಮೆರಿಕದ ಹಡಗು ಮುಳುಗಿದೆ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆತಕ್ಕೆ ಸಿಕ್ಕಿದ ಅದನ್ನು ದಡಕ್ಕೆ ತಂದು ನಿಲ್ಲಿಸಿದ್ದರು. 1963ರಲ್ಲಿ ಅಗುಂಗ್ ಪರ್ವತ ಬೆಂಕಿ ಉಗುಳಿದಾಗ ನೀರಿಗೆ ಜಾರಿತು. ದಡದಿಂದ ನಡೆದುಕೊಂಡೇ ಹೋಗಿ ಇಳಿಯಬಹುದು. ಅದನ್ನು ಮುಂದೆ ಯಾವುದಾದರೂ ಜುಲೈಗೆ ಇಟ್ಟುಕೋ.

ಮಾಲ್ಡೀವ್ಸ್‌ನಲ್ಲಿ ಫೆಬ್ರವರಿ ಚೆನ್ನಾಗಿಯೇ ಇರುತ್ತದೆ. ಆದರೆ ನೀನು ಕಳಿಸಿದ ವಿಡಿಯೋದಲ್ಲಿ ಶಾರ್ಕ್‌ಗಳು ಸಾಲಾಗಿ ನಿಂತಿದ್ದವಲ್ಲ, ಅದು ಹವಳದ ದಂಡೆಗಳ ನಡುವೆ ಕಡಲು ಒಳಗೂ ಹೊರಗೂ ನುಗ್ಗುವ ಕಾಲುವೆ. ಸೆಳೆತ ಇರುವುದರಿಂದಲೇ ಅವು ಅಲ್ಲಿ ಬರುತ್ತವೆ. ನೀರಿನಡಿ ಉಸಿರಾಡುವುದೇ ಹೊಸದಾಗಿರುವಾಗ ಆ ಸೆಳೆತ ನಿನಗೆ ಬೇಡ.

ಲಕ್ಷದ್ವೀಪ ಬೇಡ ಅನ್ನಲು ನನಗೆ ನಿಜಕ್ಕೂ ಕಷ್ಟವಾಗುತ್ತದೆ. ಡೈವಿಂಗ್‌ಗೆ ಹೆಸರಾದ ಕಡಮತ್ ದ್ವೀಪ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಆದರೆ ಹೋಗಲು ಪರವಾನಗಿ ಬೇಕು, ಉಳಿಯಲು ಕೋಣೆಗಳು ಕಡಿಮೆ. ಎರಡೂ ಒಟ್ಟಿಗೆ ಕೂಡಿಬರಬೇಕು. ನಿನ್ನ ಎಂಟು ದಿನದ ರಜೆ ಅಷ್ಟು ಕಾಯುವುದಿಲ್ಲ. 2024ರ ಬೇಸಿಗೆಯಲ್ಲಿ ನೀರು ಕಾದು ಅಲ್ಲಿಯ ಹವಳ ತುಂಬಾ ಕಡೆ ಬೆಳ್ಳಗಾಯಿತು. ಅಂಡಮಾನ್‌ಗೂ 2010ರಲ್ಲಿ ಇದೇ ಪೆಟ್ಟು ಬಿದ್ದಿತ್ತು. ಆಳ ಕಡಿಮೆ ಇರುವ ಕಡೆ ಸತ್ತ ಹವಳದ ಕಡ್ಡಿಗಳು ಈಗಲೂ ಕಾಣುತ್ತವೆ. ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ. ಮೊದಲೇ ತಿಳಿದಿರಲಿ ಅಂತ ಬರೆದೆ.

ಹಾಗಾದರೆ ಹತ್ತಿರದ ನೇತ್ರಾಣಿ ಯಾಕಾಗಬಾರದು ಎಂದು ಕೇಳುತ್ತೀಯ. ನಾನು ಮೊದಲು ಇಳಿದಿದ್ದು ಅಲ್ಲೇ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ವರ್ಷದ ಕೊನೆಯ ವಾರ, ದೋಣಿ ತುಂಬ ಜನ. ನನಗೆ ನೆಗಡಿ ಇತ್ತು, ದುಡ್ಡು ಕಟ್ಟಿದ್ದೇನೆ ಎಂದು ಯಾರಿಗೂ ಹೇಳಲಿಲ್ಲ. ಕಲಿಸುವವರೂ ಕೇಳಲಿಲ್ಲ. ಬೆನ್ನಿನ ಸಿಲಿಂಡರ್ ಹಿಡಿದು ನನ್ನನ್ನು ಕೆಳಗೆ ಒಯ್ದರು. ಮೊದಲ 10 ಮೀಟರ್‌ನಲ್ಲೇ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಊದಿ ಊದಿ ಕಿವಿ ಬಿಡಿಸಿಕೊಳ್ಳುತ್ತಾ ಇಳಿಯಬೇಕು. ನನ್ನ ಕಿವಿ ಬಿಡಲೇ ಇಲ್ಲ. ಸನ್ನೆ ಮಾಡಿದೆ, ಅವರು ‘ಓಕೆ’ ಎಂದು ತಿಳಿದು ಇನ್ನೂ ಕೆಳಗಿಳಿದರು. ಆಮೇಲೆ ಮೂರು ವಾರ ಬಲಗಿವಿಯಲ್ಲಿ ಹತ್ತಿ ತುರುಕಿದ ಹಾಗಿತ್ತು. ನೇತ್ರಾಣಿಯ ನೀರು ಚೆಂದ, ಅದರದೇನೂ ತಪ್ಪಿಲ್ಲ. ಆದರೆ ಆ ದಿನ ನನಗೆ ಬೇಕಿದ್ದದ್ದು ಸಮಯ. ಅದೊಂದೇ ಸಿಗಲಿಲ್ಲ.

ಹ್ಯಾವ್‌ಲಾಕ್‌ನಲ್ಲಿ ನನಗೆ ಸಿಕ್ಕಿದ್ದು ಅದೇ. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ, ಆದರೆ ಡೈವ್ ಮಾಡುವವರ ಬಾಯಲ್ಲಿ ಹಳೆಯ ಹೆಸರೇ. ದಡದಿಂದಲೇ ಇಳಿಯುವ ನೀಮೋ ರೀಫ್‌ನಲ್ಲಿ ಎದೆಮಟ್ಟದ ನೀರಲ್ಲಿ ಮಂಡಿಯೂರಿ ಒಂದು ಬೆಳಿಗ್ಗೆ ಪೂರ್ತಿ ಸುಮ್ನೆ ಉಸಿರಾಡಿದೆ. ಮಾಸ್ಕ್‌ಗೆ ನೀರು ತುಂಬಿಸಿಕೊಳ್ಳುವುದು, ಮೂಗಿನಿಂದ ಊದಿ ಹೊರಹಾಕುವುದು. ಏಳು ಸಲ ಗಾಬರಿಯಾದೆ. ಎಂಟನೇ ಸಲ ಆಗಲಿಲ್ಲ. ಮರುದಿನ ಲೈಟ್‌ಹೌಸ್ ಎಂಬ ಜಾಗದಲ್ಲಿ ಒಂದು ದೊಡ್ಡ ಮುರು ಮೀನು ಬಾಯಿ ತೆರೆದು ನಿಂತಿತ್ತು. ಬೆರಳುದ್ದದ ನೀಲಿ ಮೀನೊಂದು ಅದರ ಹಲ್ಲಿನ ಸಂದಿಗೆ ಹೋಗಿ ಹುಳ ಹೆಕ್ಕುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಯಾರೂ ನನ್ನನ್ನು ಎಳೆಯಲಿಲ್ಲ. ನೀನೂ ಹಾಗೆ ನೋಡಬೇಕು ಅನ್ನುವುದೇ ನನ್ನ ಆಸೆ.

ಒಂದೇ ಸಲ ಮುಳುಗಿ ಫೋಟೋ ತೆಗೆಸಿಕೊಂಡು ಬರಬೇಡ. ಹೊಸಬರಿಗೆಂದೇ ಇರುವ ಓಪನ್ ವಾಟರ್ ಕೋರ್ಸ್ ಮಾಡು. ಕಡಲಲ್ಲಿ ನಾಲ್ಕು ಡೈವ್, ಆಮೇಲೆ 18 ಮೀಟರ್ ತನಕ ಇಳಿಯಬಹುದು. 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ತುಂಗೆಯಲ್ಲಿ ಈಜಿ ಬೆಳೆದವನು ನೀನು, ಅದರ ಚಿಂತೆ ಇಲ್ಲ. ಪಾಠದ ಭಾಗ ಮನೆಯಲ್ಲೇ ಓದಿ ಮುಗಿಸು, ಅಲ್ಲಿ ಸಮಯ ಉಳಿಯುತ್ತದೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳು: ಒಬ್ಬ ಟೀಚರ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆ ಕಡೆ ಹೋಗು. ಡಿಕ್ಸನ್ಸ್ ಪಿನಕಲ್‌ಗೆ ಕರೆದೊಯ್ಯುತ್ತೇವೆ ಎಂದರೆ ಈ ಸಲ ಬೇಡ ಅನ್ನು. ಆ ಬಂಡೆಯ ತುದಿಯೇ ಸುಮಾರು 18 ಮೀಟರ್ ಆಳದಲ್ಲಿದೆ.

ನಿನ್ನ ಹೆಂಡತಿ ನೀರಿಗಿಳಿಯುವುದಿಲ್ಲ ಅಂದೆಯಲ್ಲ, ಅದೂ ನನ್ನ ಲೆಕ್ಕದಲ್ಲಿದೆ. ಡೈವ್ ದೋಣಿಗಳು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತವೆ. ಸಂಜೆ ಇಬ್ಬರೂ ರಾಧಾನಗರ ಬೀಚಿಗೆ ಹೋಗಿ. ಪಶ್ಚಿಮಕ್ಕೆ ಮುಖಮಾಡಿದ ದಂಡೆ, ಸೂರ್ಯ ನೇರ ಕಡಲಿಗೇ ಇಳಿಯುತ್ತಾನೆ.

ವಾಪಸಿನ ಟಿಕೆಟ್ ಮಾತ್ರ ಆತುರದಲ್ಲಿ ಮಾಡಿಸಬೇಡ. ದಿನಾ ಡೈವ್ ಮಾಡಿದ ಮೇಲೆ ಕಡಿಮೆಯೆಂದರೂ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು, ಮೇಲೆ ಹಾರಿದರೆ ಗುಳ್ಳೆಯಾಗಿ ಕೀಲುಗಳಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೆ ಕೊನೆಯ ದಿನವನ್ನು ಪೋರ್ಟ್ ಬ್ಲೇರ್‌ಗೆ ಬಿಡು. ಈಗ ಅದು ಶ್ರೀ ವಿಜಯಪುರಂ. ಸೆಲ್ಯುಲರ್ ಜೈಲು ನೋಡಲು ಅರ್ಧ ದಿನವಾದರೂ ಬೇಕು.

ಇನ್ನೊಂದು ವಿಷಯ. ಕನ್ನಡಕ ಹಾಕಿಕೊಂಡು ಮಾಸ್ಕ್ ಹಾಕಲಾಗುವುದಿಲ್ಲ. ನಂಬರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ನನ್ನ ಬಳಿ ಮೈನಸ್ ಮೂರರದ್ದು ಒಂದಿದೆ. ನಿನ್ನ ನಂಬರ್ ಈ ವಾರವೇ ಕಳಿಸು. ಹೊಂದಿದರೆ ಕೊರಿಯರ್ ಮಾಡುತ್ತೇನೆ.

ನಿನ್ನ ಗೆಳೆಯ